ಮೊದಲ ಪಂಕ್ತಿಯ ಹಪ್ಪಳ

ಓಣಂ ನಮ್ಮ ಮನೆಗಳ ಹಬ್ಬವಲ್ಲ, ಆದರೆ ಓಣಂ ರಜೆ ನಮ್ಮದೇ. ಕಾಸರಗೋಡಿನ ಕನ್ನಡದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಶಾಲೆ, ಕಚೇರಿ, ಬ್ಯಾಂಕು ಎಲ್ಲ ಮುಚ್ಚಿರುವ ಆ ನಾಲ್ಕು ದಿನಕ್ಕೆ ನಾವು ವರ್ಷದ ಮಾತುಕತೆ, ಗೃಹಪ್ರವೇಶ, ಪೂಜೆಗಳನ್ನೆಲ್ಲ ತಂದು ತುರುಕುತ್ತೇವೆ. ಬಾಯಾರಿನ ತವರುಮನೆಯಲ್ಲಿ ಅಣ್ಣ ಸತ್ಯನಾರಾಯಣ ಪೂಜೆ ಇಟ್ಟದ್ದು ಹಾಗೆ, ತಿರುವೋಣದ, ಅಂದರೆ ಓಣಂನ ಮುಖ್ಯ ದಿನದ, ಮರುದಿನಕ್ಕೆ. ನಾನು ಅಕ್ಕನನ್ನು ಕರೆದುಕೊಂಡು ಕೊಚ್ಚಿಗೆ ಹೊರಟದ್ದೂ ಅದೇ ರಜೆಯಲ್ಲಿ. ಯಾಕೆ ಹೋದದ್ದು ಎಂದು ಇವತ್ತಿಗೂ ಕೇಳುವವರಿದ್ದಾರೆ. ಒಂದು ಹಪ್ಪಳಕ್ಕೋಸ್ಕರ ಎಂದರೆ ನಗುತ್ತಾರೆ. ನಗಲಿ.

ನಮ್ಮ ಮೂವರಲ್ಲಿ ಅಕ್ಕ ಹಿರಿಯವಳು, ಅಣ್ಣ ನಡುವಿನವನು, ನಾನು ಕೊನೆಯವಳು. ಅಕ್ಕನ ಮದುವೆಯಾದ ಸ್ವಲ್ಪ ಸಮಯಕ್ಕೇ ಭಾವ ತೀರಿಕೊಂಡರು. ತವರಿಗೆ ತಿರುಗಿ ಬಂದ ಅಕ್ಕ ಸೀದಾ ಅಡಿಗೆಕೋಣೆಗೆ ಹೋದಳು. ಅಲ್ಲಿಂದ ಹೊರಗೆ ಬಾ ಎಂದು ಅವಳನ್ನು ಯಾರೂ ಕರೆಯಲಿಲ್ಲ. ಅಣ್ಣ ಕೆಟ್ಟವನಲ್ಲ. ಸೀರೆ, ಔಷಧ, ಕನ್ನಡಕ ಯಾವುದಕ್ಕೂ ಅವಳಿಗೆ ಕಡಿಮೆ ಮಾಡಿದವನಲ್ಲ. ಆದರೆ ಮನೆಯಲ್ಲಿ ಪೂಜೆಯೋ ತಿಥಿಯೋ ಬಂದಾಗ ಅಕ್ಕ ಊಟಕ್ಕೆ ಕೂರುವವರ ಸಾಲಿಗೆ ಸೇರುವುದಿಲ್ಲ. ಉರುಳಿ, ಸೌಟು, ಕಟ್ಟಿಗೆಯ ಸಾಲಿಗೆ ಸೇರುತ್ತಾಳೆ. ಅಡಿಗೆ ಮಾಡಿದವರು, ಬಡಿಸಿದವರು ಕೊನೆಯ ಪಂಕ್ತಿಯಲ್ಲಿ ಉಣ್ಣುವುದು ನಮ್ಮಲ್ಲಿ ಕ್ರಮ. ಎಲ್ಲ ಮನೆಯಲ್ಲಿಯೂ ಅದು ಸರದಿಯಲ್ಲಿ ಬರುತ್ತದೆ, ಇವತ್ತು ನೀನು, ನಾಳೆ ನಾನು ಎಂಬಂತೆ. ಅಕ್ಕನಿಗೆ ಮಾತ್ರ ಸರದಿ ತಿರುಗಲೇ ಇಲ್ಲ.

ನನ್ನದು ಉಪ್ಪಳದಲ್ಲಿ ಬಟ್ಟೆ ಅಂಗಡಿ. ಮೊದಲು ಚೀಲದಲ್ಲಿ ರವಿಕೆ ಕಣ, ನೈಟಿ ತುಂಬಿಕೊಂಡು ಗಲ್ಫಿನ ಹಣದಲ್ಲಿ ಎದ್ದ ಮನೆಗಳ ಗೇಟು ಗೇಟು ತಟ್ಟಿದವಳು, ಆಮೇಲೆ ಒಂದು ಕಟ್ಟಡದ ಮೆಟ್ಟಿಲಿನ ಅಡಿಯಲ್ಲಿ ಕೂತು ಮಾರಿದವಳು. ಈಗ ಶಟರ್ ಇರುವ ಅಂಗಡಿ ಉಂಟು. ಯಾರೂ ಎತ್ತಿ ಕೂರಿಸಿದ್ದಲ್ಲ. ಆದ್ದರಿಂದ ಚೌಕಾಸಿಯ ಬಗ್ಗೆ ಹೇಳುವ ಹಕ್ಕು ನನಗಿದೆ ಎಂದುಕೊಂಡು ಎರಡು ಮಾತು ಹೇಳುತ್ತೇನೆ, ಬೇಕಾದರೆ ಗಂಟು ಕಟ್ಟಿಕೊಳ್ಳಿ. ಒಂದು, ಕಡಿಮೆ ಮಾಡಿ ಎಂದು ಯಾವತ್ತೂ ಕೇಳಬೇಡಿ. ಅದೇ ಬೆಲೆಗೆ ಇನ್ನೇನು ಕೊಡುತ್ತೀರಿ ಎಂದು ಕೇಳಿ. ಕಡಿಮೆ ಮಾಡುವಾಗ ಅಂಗಡಿಯವನಿಗೆ ಕಳೆದುಕೊಂಡ ಹಾಗಾಗುತ್ತದೆ, ಕೊಡುವಾಗ ದೊಡ್ಡವನಾದ ಹಾಗಾಗುತ್ತದೆ. ಇನ್ನೊಂದು, ಖಾಲಿ ಅಂಗಡಿಯಲ್ಲಿ ಚೌಕಾಸಿ ಮಾಡಬೇಡಿ. ಸುತ್ತ ಜನ ಇರುವಾಗ ಮಾಡಿ. ಜನ ನೋಡುತ್ತಿದ್ದರೆ ಎಂತಹ ಗಟ್ಟಿ ವ್ಯಾಪಾರಿಗೂ ಮಾತು ಬೇಗ ಮುಗಿದರೆ ಸಾಕು ಎನಿಸುತ್ತದೆ. ನನಗೇ ಎನಿಸಿದೆ.

ಓಣಂ ಹತ್ತಿರ ಬರುತ್ತಿದ್ದಾಗ ಅಕ್ಕ ರವಿಕೆ ಕಣಕ್ಕೆಂದು ಅಂಗಡಿಗೆ ಬಂದಳು. ನಾನು ಕೌಂಟರಿನ ಹಿಂದೆ ಕೂತು ಬುತ್ತಿ ಬಿಚ್ಚುತ್ತಿದ್ದೆ. ಡಬ್ಬಿಯಿಂದ ಒಂದು ಹಪ್ಪಳ ತೆಗೆದು ಅವಳ ಕೈಗೆ ಕೊಟ್ಟೆ. ಅವಳು ಅದನ್ನು ಮುರಿದು, ಮುರಿದ ಅಂಚನ್ನೇ ನೋಡಿದಳು.

"ಶಬ್ದ ಬರ್ತದಲ್ಲ ಇದು!"

"ಹಪ್ಪಳ ಮತ್ತೆ ಎಂತ, ಹಾಡು ಹೇಳ್ಬೇಕಾ?" ಎಂದೆ.

"ನಾನು ಕಾಯಿಸಿದ್ದನ್ನು ಊರಿಡೀ ತಿಂದಿದೆ ಮಾರಾಯ್ತಿ. ನನ್ನ ಎಲೆಗೆ ಬರುವಾಗ ಅದು ಚಪ್ಪಲಿಯ ಚರ್ಮದ ಹಾಗೆ ಆಗಿರ್ತದೆ." ಉಳಿದ ಅರ್ಧವನ್ನೂ ಬಾಯಿಗೆ ಹಾಕಿಕೊಂಡಳು. "ಒಮ್ಮೆ ಮೊದಲ ಪಂಕ್ತಿಯಲ್ಲಿ ಕೂತ್ಕೊಳ್ಳಬೇಕು ಅಂತ ಉಂಟು ನನಗೆ. ಯಾರ ಮನೆದ್ದಾದ್ರೂ ಆಗ್ಲಿ. ನಾನು ಬೇಯಿಸದ ಊಟ. ಹ್ಞಾ, ಬಿಡು, ಆ ನೀಲಿ ಕಣ ತೋರಿಸು."

ನಾನು ನೀಲಿ ಕಣ ತೋರಿಸಿದೆ. ಬಿಡಲಿಲ್ಲ. ಕೇಳಿದ ಮಾತನ್ನು ಬಿಡುವ ಅಭ್ಯಾಸ ಇದ್ದಿದ್ದರೆ ನಾನು ಇನ್ನೂ ಮೆಟ್ಟಿಲಿನ ಅಡಿಯಲ್ಲಿ ಇರುತ್ತಿದ್ದೆ.

ಊರಿನಲ್ಲಿ ಯಾರ ಮನೆಯ ಪೂಜೆ, ಮದುವೆಯ ಜಂಬಾರಕ್ಕೆ ಕರೆದುಕೊಂಡು ಹೋದರೂ ಅಕ್ಕ ಅರ್ಧ ಗಂಟೆಯೊಳಗೆ ಸೆರಗು ಸಿಕ್ಕಿಸಿ ಅಡಿಗೆಕೋಣೆಯಲ್ಲಿ ಇರುತ್ತಾಳೆ, ಅದು ನನಗೆ ಗೊತ್ತು. ಅವಳ ಗುರುತು ಇಲ್ಲದ ಊರೇ ಆಗಬೇಕು. ಸರಕು ತರಲು ವರ್ಷಕ್ಕೆ ಒಂದೆರಡು ಸಲ ನಾನು ಕೊಚ್ಚಿಗೆ ಹೋಗುವುದುಂಟು. ಅಲ್ಲಿ ತಿರುವೋಣದ ದಿನ ಸಸ್ಯಾಹಾರಿ ಹೋಟೆಲುಗಳಲ್ಲಿ ಬಾಳೆಎಲೆ ಹಾಕಿ, ಸಾಲಾಗಿ ಕೂರಿಸಿ, ಪಂಕ್ತಿ ಪಂಕ್ತಿಯಾಗಿ ಊಟ ಬಡಿಸುತ್ತಾರೆ. ಮುಂಚೆಯೇ ಕೂಪನ್ ತೆಗೆದುಕೊಂಡರೆ ಮೊದಲ ಪಂಕ್ತಿಗೇ ಜಾಗ. ಜಾತಿ ಕೇಳುವುದಿಲ್ಲ, ಗಂಡ ಇದ್ದಾನಾ ಕೇಳುವುದಿಲ್ಲ. ಕೂಪನ್ ಉಂಟಾ, ಅಷ್ಟೇ.

ಅಣ್ಣ ಫೋನಿನಲ್ಲಿ ಹಾರಿದ.

"ಹುಚ್ಚಾ ನಿನಗೆ? ಈ ಪ್ರಾಯದಲ್ಲಿ ಅಕ್ಕನಿಗೆ ಎಂತಕ್ಕೆ ಊರು ನೋಡುದು?"

"ಕಣ್ಣು ಉಂಟಲ್ಲ, ಅದಕ್ಕೆ."

"ಪೂಜೆಯ ಅಡಿಗೆ ಯಾರು ಮಾಡುದು?"

"ಅಡಿಗೆಭಟ್ರಿಗೆ ಹೇಳು."

"ಮನೆಯಲ್ಲಿ ಅಕ್ಕ ಇರುವಾಗ ಹೊರಗಿನವರನ್ನು ಕರೆದ್ರೆ ಜನ ಎಂತ ಹೇಳಿಯಾರು?"

ಜನ ಏನೂ ಹೇಳುವುದಿಲ್ಲ, ಉಂಡು ಹೋಗುತ್ತಾರೆ. ಆದರೂ ಅಣ್ಣನೊಂದಿಗೆ ವ್ಯವಹಾರ ಕುದುರಿಸಿಕೊಂಡೆ: ತಿರುವೋಣದ ಮಧ್ಯಾಹ್ನದ ರೈಲಿಗೆ ಅಕ್ಕನನ್ನು ಹತ್ತಿಸುತ್ತೇನೆ, ಮರುದಿನ ಬೆಳಿಗ್ಗೆ ಅವಳು ಒಲೆಯ ಮುಂದೆ ಇರುತ್ತಾಳೆ. ಮೊದಲ ಪಂಕ್ತಿ ಮುಗಿಸಿದರೆ ಆ ರೈಲು ಆರಾಮವಾಗಿ ಸಿಗುತ್ತದೆ. ಎರಡನೆಯದಕ್ಕೆ ಕೂತರೆ ಸಿಗುವುದಿಲ್ಲ, ಹಬ್ಬದ ಗದ್ದಲದಲ್ಲಿ ಬೇರೆ ರೈಲಿಗೆ ಟಿಕೆಟೂ ಇಲ್ಲ. ಆಡಿದ ಮಾತಿಗೆ ನಿಲ್ಲುವವಳು ಎಂಬ ಹೆಸರಿನಿಂದಲೇ ನನಗೆ ಗಿರಾಕಿ, ಅಣ್ಣನೂ ಒಪ್ಪಿದ.

ಕೊಚ್ಚಿಯಲ್ಲಿ ವಸತಿಗೃಹದ ಗುಮಾಸ್ತ ನಮ್ಮಿಬ್ಬರ ಮಾತು ಕೇಳಿ, ಕರ್ನಾಟಕದವರಾ ಎಂದು ಮಲಯಾಳದಲ್ಲಿ ವಿಚಾರಿಸಿದ. ಕಾಸರಗೋಡು ಎಂದೆ. "ಅದೇ, ಕರ್ನಾಟಕದ ಕಡೆ" ಎಂದ. ಬೆಂಗಳೂರಿಗೆ ಹೋದರೆ ನಮ್ಮನ್ನು ಕೇರಳದವರು ಎನ್ನುತ್ತಾರೆ, ಇಲ್ಲಿ ಇವನು ಹೀಗೆ. ನಾನು ಆಧಾರ್ ಕಾರ್ಡನ್ನು ಅವನ ಮೂಗಿನ ಹತ್ತಿರ ಹಿಡಿದು, "ನಿನ್ನ ಮುಖ್ಯಮಂತ್ರಿಯೇ ನನ್ನ ಮುಖ್ಯಮಂತ್ರಿ. ಈಗ ನೀರು ಕಾಣುವ ಕಡೆಯ ಕೋಣೆ ಕೊಡು" ಎಂದೆ. ಕೊಟ್ಟ. ಕೋಣೆ ನೋಡದೆ ಕೀಲಿಕೈ ಮುಟ್ಟಬೇಡಿ ಎಂಬುದು ನನ್ನ ಇನ್ನೊಂದು ಸಲಹೆ. ನಲ್ಲಿ ತಿರುಗಿಸಿ, ಫ್ಯಾನು ಹಾಕಿ, ಹಾಸಿಗೆಯ ಮೂಲೆ ಎತ್ತಿ ನೋಡಿ, ಆಮೇಲೆ ಮಾತು. ನಾನು ಇದನ್ನೆಲ್ಲ ಮಾಡುವಷ್ಟರಲ್ಲಿ ಅಕ್ಕ ಎರಡು ಹಾಸಿಗೆಯನ್ನೂ ಕೊಡವಿ ಮಡಚಿ ಇಟ್ಟಾಗಿತ್ತು.

"ಅಕ್ಕಾ, ಮಲಗಲಿಕ್ಕೆ ಉಂಟು ಅದು."

"ಮಡಚಿ ಇಟ್ಟದ್ದನ್ನು ಬಿಡಿಸ್ಲಿಕ್ಕೆ ಆಗುದಿಲ್ವಾ?"

ಹೋಟೆಲಿನಲ್ಲಿ ದೋಸೆ ತಿಂದ ಮೊದಲ ದಿನ ಅವಳು ತಟ್ಟೆ ಎತ್ತಿಕೊಂಡು ಸೀದಾ ಪಾತ್ರೆ ತೊಳೆಯುವ ಕಡೆಗೆ ನಡೆದಳು. ಬಡಿಸುವವನು ಹಿಂದಿನಿಂದ ಓಡಿದ. ಅವನು ಉತ್ತರದ ಯಾವುದೋ ರಾಜ್ಯದವನು, ಹಿಂದಿಯಲ್ಲಿ ಏನೋ ಹೇಳಿ ತಟ್ಟೆ ಎಳೆದ. ಅಕ್ಕ ಬಿಡದೆ ಕನ್ನಡದಲ್ಲಿ, "ನಿನ್ನದು ತಿಂಡಿ ಆಯ್ತಾ ಮಗಾ?" ಎಂದು ಕೇಳಿದಳು. ಅವನಿಗೆ ಅರ್ಥವಾಗಲಿಲ್ಲ, ಆದರೆ ಮರುದಿನ ನಾವು ಹೋದಾಗ ಕೇಳದೆಯೇ ಚಟ್ನಿಯನ್ನು ಎರಡು ಸಲ ತಂದು ಹಾಕಿದ. ನಾನು ಜಗಳ ಮಾಡಿ ತರಿಸಿಕೊಳ್ಳುವುದನ್ನು ಅವಳು ಹೀಗೆ ತರಿಸಿಕೊಳ್ಳುತ್ತಾಳೆ.

ಊರು ನೋಡಿದೆವು. ಮೆಟ್ರೋ ರೈಲಿನಲ್ಲಿ ಒಂದು ತುದಿಯಿಂದ ಇನ್ನೊಂದು ತುದಿಗೆ ಹೋಗಿ ಹಾಗೆಯೇ ವಾಪಸು ಬಂದೆವು. ಅಕ್ಕ ಕಿಟಕಿಯಿಂದ ಜನರ ತಾರಸಿಗಳನ್ನೇ ನೋಡುತ್ತಿದ್ದಳು, ಯಾರ ಮನೆಯಲ್ಲಿ ಬಟ್ಟೆ ಒಣಗಲು ಹಾಕಿದೆ, ಯಾರು ಸಂಡಿಗೆ ಇಟ್ಟಿದ್ದಾರೆ ಎಂದು. ದೋಣಿಯಲ್ಲಿ ಫೋರ್ಟ್ ಕೊಚ್ಚಿಗೆ ಹೋದೆವು. ಅಲ್ಲಿ ಕಡಲಿನ ಬದಿಯಲ್ಲಿ ದೊಡ್ಡ ದೊಡ್ಡ ಚೀನೀ ಬಲೆಗಳಿವೆ. ಕೆಲವರು ಸೇರಿ ಹಗ್ಗ ಜಗ್ಗಿದರೆ ಬಲೆ ಇಡಿಯಾಗಿ ಮೇಲೆ ಬರುತ್ತದೆ. ಸುತ್ತಲಿನವರೆಲ್ಲ ಫೋಟೋ ತೆಗೆಯುತ್ತಿದ್ದರು. ಬಲೆಯ ನಡುವೆ ಒಂದು ಹಿಡಿ ಮೀನು ಪಟಪಟ ಎನ್ನುತ್ತಿತ್ತು.

"ಇಷ್ಟು ದೊಡ್ಡ ಜರಡಿ ಮುಳುಗಿಸಿ ಇಷ್ಟೆಯಾ ಸಿಕ್ಕುದು? ನಿನ್ನ ಅಣ್ಣನ ಪೂಜೆಯ ಹಾಗೆ ಆಯ್ತು" ಎಂದಳು ಅಕ್ಕ. ಮೀನು ತಿನ್ನದವಳಾದರೂ ಮೀನಿನ ವ್ಯಾಪಾರ ಅರ್ಥವಾಗಿತ್ತು ಅವಳಿಗೆ. ನಾನು ನಕ್ಕು ನಕ್ಕು ಒಡ್ಡಿನ ಕಲ್ಲಿನ ಮೇಲೆ ಕೂತುಬಿಟ್ಟೆ. ಅಷ್ಟರಲ್ಲೇ ಅಣ್ಣನ ಫೋನು ಬಂತು: ತೆಂಗಿನಕಾಯಿ ಇವತ್ತೇ ಸುಲಿದಿಡುವುದಾ, ಅಕ್ಕ ಬಂದ ಮೇಲೆ ಸುಲಿಯುವುದಾ? ಅಕ್ಕ ಕಡಲು ನೋಡುತ್ತಾ ಉತ್ತರ ಹೇಳಿದಳು. ಫೋನು ಇಟ್ಟ ಮೇಲೆ ಮತ್ತೆ ಕಡಲು ನೋಡಲು ಹೋಗಲಿಲ್ಲ. "ನಡಿ, ಕೋಣೆಗೆ ಹೋಗುವ" ಎಂದಳು.

ತಿರುವೋಣದ ದಿನ ಅವಳು ನೀಲಿ ರವಿಕೆ ಹಾಕಿ, ನಾನು ಕೊಟ್ಟ ಅಂಚಿನ ಸೀರೆ ಉಟ್ಟಳು. ಚೀಲಗಳನ್ನು ಕಟ್ಟಿ ಜೊತೆಯಲ್ಲೇ ತಂದೆವು, ಊಟ ಮುಗಿದ ಕೂಡಲೇ ರೈಲಿಗೆ. ಮೊದಲ ಪಂಕ್ತಿಯ ಕೂಪನ್ ತೆಗೆದಿಟ್ಟಿದ್ದ ಹೋಟೆಲಿನ ಮಹಡಿಯ ಮೇಲೆ ದೊಡ್ಡ ಹಾಲು, ಉದ್ದುದ್ದ ಮೇಜು, ಅದರ ಮೇಲೆ ಬಾಳೆಎಲೆ. ಬಾಗಿಲು ತೆಗೆದದ್ದೇ ಜನ ನುಗ್ಗಿದರು. ನಾನು ಮುಂದೆ ಹೋಗಿ, ಮೊದಲ ಸಾಲಿನಲ್ಲಿ ಬೀದಿ ಕಾಣುವ ಕಿಟಕಿಯ ಬದಿಯ ಕುರ್ಚಿ ಹಿಡಿದು ಅಕ್ಕನನ್ನು ಕೂರಿಸಿದೆ. ಅದರ ಪಕ್ಕದ ಕುರ್ಚಿಗಳಿಗೆ ಒಂದು ದೊಡ್ಡ ಸಂಸಾರ ಬಂತು. ನನಗೆ ಹಿಂದಿನ ಸಾಲಿನಲ್ಲಿ, ಕಂಬದ ಆಚೆ ಸಿಕ್ಕಿತು. ಒಂದೇ ಕಡೆ ಬೇಕು ಎಂದು ಹಟ ಹಿಡಿದಿದ್ದರೆ ಅವಳಿಗೆ ಕಿಟಕಿ ತಪ್ಪುತ್ತಿತ್ತು. ಕುರ್ಚಿಯ ವಿಷಯದಲ್ಲಿ ಜೊತೆಗಿಂತ ಜಾಗ ಮುಖ್ಯ.

ಉಪ್ಪು, ಉಪ್ಪಿನಕಾಯಿ, ಪಲ್ಯ, ಅವಿಯಲ್, ಹಪ್ಪಳ, ಅನ್ನ, ಪರಿಪ್ಪು ಎಂಬ ತೊವ್ವೆ, ತುಪ್ಪ. ನಾನು ಅಂಗಡಿಯವಳು, ಗಿರಾಕಿ ಬರುವ ಮೊದಲು ಉಂಡು ಏಳುವ ಬಾಯಿ ನನ್ನದು. ಪಾಯಸದವರೆಗೆ ಬಂದು, ಕೈ ತೊಳೆದು, ಅಕ್ಕನ ಮುಖ ನೋಡೋಣ ಎಂದು ಕಂಬ ದಾಟಿ ಬಂದೆ.

ಅವಳ ಎಲೆ ತುಂಬಿಯೇ ಇತ್ತು. ಬಡಿಸಿದ್ದೆಲ್ಲ ಬಡಿಸಿದ ಹಾಗೆಯೇ. ಅನ್ನದ ಗುಪ್ಪೆಯ ಮೇಲಿನ ತುಪ್ಪ ಬಿಳಿಯಾಗಿತ್ತು, ಹಪ್ಪಳ ಬೆವರಿ ಬಗ್ಗಿತ್ತು. ಅವಳು ಎರಡೂ ಕೈ ಮಡಿಲಲ್ಲಿ ಇಟ್ಟುಕೊಂಡು ನೆಟ್ಟಗೆ ಕೂತಿದ್ದಳು. ಪಕ್ಕದ ಸಂಸಾರ ಎದ್ದು ಹೋಗಿಯಾಗಿತ್ತು.

"ಎಂತ ಆಯ್ತು? ಹುಷಾರಿಲ್ವಾ?"

"ಯಾರೂ ಹೇಳ್ಲಿಲ್ಲ" ಎಂದಳು.

ಅಷ್ಟಕ್ಕೇ ನನಗೆ ಅರ್ಥವಾಯಿತು. ನಮ್ಮಲ್ಲಿ ಪಂಕ್ತಿಗೆ ಕೂತವರು ಬಡಿಸಿದ ತಕ್ಷಣ ಎಲೆಗೆ ಕೈ ಹಾಕುವುದಿಲ್ಲ. ಎಲ್ಲರಿಗೂ ಬಡಿಸಿ ಆಗಬೇಕು, ಮನೆಯ ಯಜಮಾನ ಸಾಲಿನ ಮುಂದೆ ಬಂದು ಕೈ ಮುಗಿದು, "ಸಾವಕಾಶ ಆಗಲಿ" ಎನ್ನಬೇಕು, ಆಮೇಲೆಯೇ ಮೊದಲ ತುತ್ತು. ಅಣ್ಣ ಆ ಮಾತನ್ನು ಬಹಳ ಚಂದ ಹೇಳುತ್ತಾನೆ, ಒಬ್ಬೊಬ್ಬರ ಮುಖ ನೋಡಿ. ಆದರೆ ಕೊನೆಯ ಪಂಕ್ತಿಗೆ ಯಜಮಾನ ಬರುವುದಿಲ್ಲ. ಅಷ್ಟು ಹೊತ್ತಿಗೆ ಅವನು ಜಗಲಿಯಲ್ಲಿ ನೆಂಟರ ಜೊತೆ ಎಲೆಯಡಿಕೆ ಹಾಕುತ್ತಿರುತ್ತಾನೆ. ಅಡಿಗೆಕೋಣೆಯವರು ತಾವೇ ಬಡಿಸಿಕೊಂಡು ತಾವೇ ಉಣ್ಣುತ್ತಾರೆ. ಆ ಮಾತನ್ನು ಅಕ್ಕ ಬಾಗಿಲ ಸಂದಿನಿಂದ ಎಷ್ಟೋ ಸಲ ಕೇಳಿದ್ದಾಳೆ, ಅವಳಿಗೆಂದು ಯಾರೂ ಹೇಳಿದ್ದಿಲ್ಲ. ಇವತ್ತು ಮೊದಲ ಪಂಕ್ತಿಯಲ್ಲಿ ಕೂತಿದ್ದಾಳೆ. ಹೇಳದೆ ಹೇಗೆ ಉಣ್ಣುತ್ತಾಳೆ?

"ಅವರೆಲ್ಲ ತಿಂದದ್ದು ನೋಡ್ಲಿಲ್ವಾ ನೀನು?"

"ನೋಡಿದೆ. ಅವರ ಕ್ರಮ ಅವರಿಗೆ. ನಾನು ಹೇಗೆ ಕೈ ಹಾಕುದು?" ಆಮೇಲೆ ಹಪ್ಪಳವನ್ನು ಬೆರಳಿನಲ್ಲಿ ಒತ್ತಿದಳು. ಅದು ಮುರಿಯಲಿಲ್ಲ. "ನೋಡು. ಇಲ್ಲಿಗೂ ಬಂತು ಚರ್ಮ."

ಅಷ್ಟರಲ್ಲಿ ಎಲೆ ತೆಗೆಯುವವರು ಬಂದರು. ಬಾಗಿಲಿನಲ್ಲಿ ಎರಡನೆಯ ಪಂಕ್ತಿಯ ಜನ ಒತ್ತಿ ನಿಂತಿದ್ದರು. ಅಕ್ಕನ ಎಲೆಗೆ ಕೈ ಹಾಕಿದವನ ಮಣಿಗಂಟನ್ನು ನಾನು ಹಿಡಿದೆ. ಅವನು ಮ್ಯಾನೇಜರನ್ನು ಕರೆದ. ಬೆಳಗಿನಿಂದ ನಿಂತು ಬೆವರಿದ್ದ ಮನುಷ್ಯ, ಮಾತು ಮಾತ್ರ ಮರ್ಯಾದೆಯದೇ. ಮೊದಲ ಪಂಕ್ತಿ ಮುಗಿಯಿತು ಅಮ್ಮಾ, ಎರಡನೆಯದಕ್ಕೆ ಕುರ್ಚಿ ಇಲ್ಲ ಎಂದ. ಬೇಕಿದ್ದರೆ ಇದನ್ನೇ ಪೊಟ್ಟಣ ಕಟ್ಟಿ ಕೊಡುತ್ತೇನೆ, ರೈಲಿನಲ್ಲಿ ಉಣ್ಣಿ ಎಂದ.

ಅಕ್ಕ ಏಳಲು ಹೊರಟಳು. "ಹೋಗುವ ಮಾರಾಯ್ತಿ. ರೈಲು ತಪ್ಪಿದ್ರೆ ನಿನ್ನ ಅಣ್ಣ ಸುಮ್ಮನೆ ಇರುದಿಲ್ಲ. ಪೊಟ್ಟಣ ಆದೀತು ನನಗೆ."

ಪೊಟ್ಟಣ ಆದೀತು! ಆ ಮಾತು ಕೇಳಿ ನನಗೆ ಬಂದ ಸಿಟ್ಟು ಮ್ಯಾನೇಜರನ ಮೇಲೆ ಅಲ್ಲ, ರೈಲಿನ ಮೇಲೂ ಅಲ್ಲ. ಅಕ್ಕನ ಹೆಗಲು ಒತ್ತಿ ಕುರ್ಚಿಗೇ ಕೂರಿಸಿದೆ. ಆಮೇಲೆ ಬಾಗಿಲಿನಲ್ಲಿದ್ದ ಜನರಿಗೆಲ್ಲ ಕೇಳುವ ಹಾಗೆ, ನನ್ನ ಅಂಗಡಿಯ ಮಲಯಾಳದಲ್ಲಿ ಹೇಳಿದೆ: "ತಿರುವೋಣದ ದಿನ, ಒಂದು ತುತ್ತೂ ಉಣ್ಣದವಳ ಮುಂದಿನಿಂದ ತುಂಬಿದ ಎಲೆ ಎಳೆಯುತ್ತಾರೆ. ನಾವು ಕಾಸರಗೋಡಿನಿಂದ ಬಂದದ್ದು ಇದನ್ನು ನೋಡಲಿಕ್ಕೆ."

ಬಾಗಿಲಿನಲ್ಲಿ ಗುಜುಗುಜು ಎದ್ದಿತು. ಎದುರಿಗಿದ್ದ ಕನ್ನಡಕದ ಹೆಂಗಸೊಬ್ಬಳು, ಆ ಅಮ್ಮ ಕೂರಲಿ, ನನ್ನ ಮಗನನ್ನು ನಾನು ತೊಡೆಯ ಮೇಲೆ ಕೂರಿಸಿಕೊಳ್ಳುತ್ತೇನೆ, ಒಂದು ಕುರ್ಚಿ ಉಳಿಯಿತಲ್ಲ ಎಂದಳು. ಮ್ಯಾನೇಜರ್ ಹಣೆ ಒರೆಸಿಕೊಂಡು, "ಸರಿ ಅಮ್ಮಾ, ಹೊಸ ಎಲೆ ಹಾಕಿಸುತ್ತೇನೆ" ಎಂದ. ಮಾತು ಬೇಗ ಮುಗಿದರೆ ಸಾಕು ಎಂಬ ಮುಖ, ನನಗೆ ಗುರುತಿಲ್ಲದ್ದೇ?

"ಎಲೆ ಸಾಲದು" ಎಂದೆ. "ಬಡಿಸಿ ಆದ ಮೇಲೆ ನೀವು ಇಲ್ಲಿ ಬರಬೇಕು. ಉಣ್ಣಿ ಎಂದು ಅಕ್ಕನಿಗೆ ಹೇಳಬೇಕು."

"ನಾನಾ?"

"ಈ ಮನೆಗೆ ಯಜಮಾನರು ನೀವೇ ಅಲ್ವಾ?"

ಅವನು ನನ್ನನ್ನು ನೋಡಿದ, ಅಕ್ಕನನ್ನು ನೋಡಿದ. ನಗಲಿಲ್ಲ. ತಲೆಯಾಡಿಸಿ ಹೋದ.

ಈಗ ಉಳಿದದ್ದು ಅಕ್ಕ. ನಾನು ಬಗ್ಗಿ ಅವಳ ಕಿವಿಯ ಹತ್ತಿರ ಹೇಳಿದೆ: "ಕೂತರೆ ರೈಲು ತಪ್ತದೆ. ನಾಳೆ ಅಡಿಗೆ ನಿನ್ನದಲ್ಲ. ಎದ್ದರೆ ರೈಲು ಸಿಕ್ತದೆ. ಎಂತ ಮಾಡುದು, ನೀನೇ ಹೇಳು. ನಾನು ಹೇಳುದಿಲ್ಲ." ವ್ಯಾಪಾರದಲ್ಲಿ ಎಲ್ಲವನ್ನೂ ನಾನೇ ಮಾತಾಡುತ್ತೇನೆ, ಆದರೆ ಕೊಳ್ಳುವುದು ಬಿಡುವುದು ಗಿರಾಕಿಯೇ ಹೇಳಬೇಕು.

ಅವಳು ಕಿಟಕಿಯ ಹೊರಗೆ ನೋಡಿದಳು. ಕೆಳಗೆ ಬೀದಿಯಲ್ಲಿ ಹೊಸ ಬಟ್ಟೆಯ ಜನ ಹೋಗುತ್ತಿದ್ದರು. ಕಾಲಿನ ಹತ್ತಿರ ಕಟ್ಟಿಟ್ಟ ಚೀಲ ಇತ್ತು. ಅದನ್ನು ಪಾದದಿಂದ ಮೇಜಿನ ಅಡಿಗೆ, ಇನ್ನೂ ಒಳಕ್ಕೆ ದೂಡಿದಳು.

ಹೊಸ ಎಲೆ ಬಂತು. ನೀರು ಚಿಮುಕಿಸಿ ಅಕ್ಕ ತಾನೇ ಒರೆಸಿದಳು, ಅದನ್ನು ನಾನು ತಡೆಯಲಿಲ್ಲ. ಉಪ್ಪು ಬಂತು, ಪಲ್ಯ ಬಂತು, ಬಾಣಲೆಯಿಂದ ಆಗಷ್ಟೇ ತೆಗೆದ ಹಪ್ಪಳ ಬಂತು. ಹಾಲಿನಲ್ಲಿ ಉಳಿದವರೆಲ್ಲ ಉಣ್ಣಲು ಸುರು ಮಾಡಿದರು. ಅವಳು ಕೈ ಮಡಿಲಲ್ಲಿಟ್ಟು ಕೂತೇ ಇದ್ದಳು. ಪರಿಪ್ಪು, ತುಪ್ಪ ಬಿದ್ದ ಮೇಲೆ ಮ್ಯಾನೇಜರ್ ಸಾಲು ದಾಟಿ ಬಂದ. ಅಂಗಿಯ ತೋಳು ಸರಿಮಾಡಿಕೊಂಡು ಅವಳ ಎದುರು ನಿಂತು, ಕೈ ಮುಗಿದ.

"ಕಳಿಚ್ಚೋಳೂ ಅಮ್ಮೇ" ಎಂದ. ಊಟ ಮಾಡಿ ಅಮ್ಮಾ, ಎಂದು.

ಅಕ್ಕ ತಲೆ ಎತ್ತಿ ಅವನಿಗೆ ಕೈ ಮುಗಿದಳು. ಆ ಹೊತ್ತಿಗೆ ಸರಿಯಾಗಿ ನನ್ನ ಚೀಲದಲ್ಲಿ ಫೋನು ಬಡಿದುಕೊಂಡಿತು. ಅಣ್ಣ.

"ರೈಲು ಹತ್ತಿದಿರಾ?"

"ಇಲ್ಲ. ಹತ್ತುದಿಲ್ಲ. ಅಡಿಗೆಭಟ್ರಿಗೆ ಈಗಲೇ ಫೋನು ಮಾಡು. ಅವರು ಸಿಗದಿದ್ರೆ ಉಪ್ಪಳದಲ್ಲಿ ನನ್ನ ಗುರುತಿನವರಿದ್ದಾರೆ, ನಂಬರು ಕಳಿಸ್ತೇನೆ."

"ನೀನು ಮಾತು ಕೊಟ್ಟದ್ದು ನನಗೆ!"

"ಕೊಟ್ಟದ್ದು ಹೌದು. ಅಕ್ಕ ಬರುದಿಲ್ಲ ಅಂತ ಆದ ಮೇಲೆ ನನ್ನ ಮಾತಿಗೆ ಎಂತ ಬೆಲೆ?"

"ಅಕ್ಕನಿಗೆ ಕೊಡು ಫೋನು. ಅವಳೇ ಹೇಳ್ಲಿ."

ನಾನು ಫೋನನ್ನು ಅವಳ ಮುಂದೆ ಹಿಡಿದೆ. ಅವಳು ಅದನ್ನು ಮುಟ್ಟಲಿಲ್ಲ, ಎಲೆಯಿಂದ ಕಣ್ಣನ್ನೂ ತೆಗೆಯಲಿಲ್ಲ.

"ಊಟಕ್ಕೆ ಕೂತಿದ್ದೇನೆ ಅಂತ ಹೇಳು" ಎಂದಳು.

ಊಟಕ್ಕೆ ಕೂತವರನ್ನು ನಮ್ಮಲ್ಲಿ ಯಾವ ಕೆಲಸಕ್ಕೂ ಎಬ್ಬಿಸುವುದಿಲ್ಲ. ಅಣ್ಣನಿಗೆ ಆ ಕ್ರಮ ನನಗಿಂತ ಚೆನ್ನಾಗಿ ಗೊತ್ತು. ಆ ಕಡೆ ಅವನು ಫೋನು ಇಡಲಿಲ್ಲ. ನಾನೂ ಇಡಲಿಲ್ಲ, ಅಲ್ಲಿಯೇ ಎಲೆಯ ಹತ್ತಿರ ಹಿಡಿದುಕೊಂಡು ನಿಂತೆ.

ಅಕ್ಕ ಹಪ್ಪಳ ಎತ್ತಿ ಎರಡೂ ಕೈಯಲ್ಲಿ ಮುರಿದಳು. ಆ ಶಬ್ದ ಬಾಯಾರಿನವರೆಗೆ ಕೇಳಿರಬೇಕು.

ಕೇಳಲಿ.